ಕೊರಳಿನ ಕಂಪ್ಯೂಟರ್

“ಲಿಂಗಾ ಬಿಚ್ಚಿ ಇಲ್ಲಿ ಇಟ್ಟೀಯಲ್ಲ, ರಾಜಶ್ರೀ!” ಎನ್ನುತ್ತ ಅತ್ತೆ ತಾಯವ್ವ, ಕಂಪ್ಯೂಟರಿಗೆ ಸಿಕ್ಕಿಸಿದ್ದ ಪೆನ್‌ಡ್ರೈವನ್ನು ಅದರ ಬಿಳಿ ದಾರ ಹಿಡಿದು ಎಳೆದೇಬಿಟ್ಟಳು. ಹಳಿಯಾಳದ ಗಿರಾಕಿಯ ಸೀರೆಗೆಂದು ಸೊಸೆ ಬರೆಯುತ್ತಿದ್ದ ಕಸೂತಿಯ ಗೋಪುರ ಪರದೆಯ ಮೇಲೆ ಇದ್ದಲ್ಲೇ ನಿಂತುಹೋಯಿತು.

ರಾಜಶ್ರೀಗೆ ಅಳು ಬರಬೇಕಿತ್ತು, ನಗು ಬಂತು. ಕೊರಳಿನ ಕರಡಿಗೆ ಎತ್ತಿ ತೋರಿಸಿದಳು. “ಲಿಂಗಾ ಇಲ್ಲೇ ಐತ್ರಿ. ನಿಮ್ಮ ಕೈಯಾಗ ಇರೂದು ನನ್ನ ಕಂಪ್ಯೂಟರ್. ಕಳೀಬಾರದಂತ ಇದಕ್ಕೂ ದಾರಾ ಕಟ್ಟಿ ಕೊರಳಾಗ ಹಾಕ್ಕೊಂತೇನಿ.”

“ಇದಾ ಕಂಪ್ಯೂಟರ್? ಮತ್ತ ಈ ಪೆಟಿಗಿ? ಯಾರೂ ಮುಟ್ಟಬ್ಯಾಡ್ರಿ ಅಂತ ಸಂಜೀವ ಬಡ್ಕೊಂಡಾನಲ್ಲ.”

“ಪೆಟಿಗಿ ಮೈದುನಂದು. ಅದರಾಗಿಂದು ಏನೂ ಮುಟ್ಟೂದಿಲ್ರಿ. ಪೆಟಿಗಿ ನಡಸೂ ಲಿನಕ್ಸ್ ಅಂತ ಐತಿ, ಎಲ್ಲಾ ಇದರಾಗಿಂದನ ನಡೀತೈತಿ. ನಾ ಮಾಡಿದ್ದೂ ಇದರಾಗನ ಉಳೀತೈತಿ.”

ಅವಳು ಪೆನ್‌ಡ್ರೈವ್ ಮತ್ತೆ ಸಿಕ್ಕಿಸಿ ಮೊದಲಿನಿಂದ ಚಾಲೂ ಮಾಡಿದಳು. ಪರದೆ ತುಂಬ ಅತ್ತಿವೇರಿ ಕೆರೆ, ಅದರ ತುಂಬ ಹಕ್ಕಿಗಳು. ಹಿಂದೆಯೇ ಗೋಪುರವೂ ಬಂತು, ಉಳಿಸುವ ಮೊದಲೇ ಎಳೆದದ್ದರಿಂದ ಕಳಸವೊಂದು ಮಾತ್ರ ಇರಲಿಲ್ಲ.

“ನಿನ್ನ ತವರಿನ ಕೆರಿ!” ತಾಯವ್ವ ಸ್ಟೂಲ್ ಎಳೆದುಕೊಂಡು ಕೂತಳು.

ಅಷ್ಟರಲ್ಲಿ ಬಾಗಿಲಲ್ಲಿ ಸಂಜೀವಕುಮಾರ. “ನನ್ನ ಕಂಪ್ಯೂಟರ್ ಹಚ್ಚಿದವರು ಯಾರು?”

ಪೆನ್‌ಡ್ರೈವ್ ಕೀಳಲು ಹೋದ ಸೊಸೆಯ ಕೈಯನ್ನು ತಾಯವ್ವ ಗಟ್ಟಿಯಾಗಿ ಹಿಡಿದಳು.

“ನಿಂದು ಮಲಗೈತಿ. ಈಗ ನಡದದ್ದು ಆಕೀದು. ಕಳಸ ಏರೂ ತನಕಾ ಹೊರಗ ಕುಂಡ್ರು.”