ಸೂರಿನ ಬದಲು ಆಕಾಶ

“ಟಿಕೆಟ್ ತಗೊಳ್ಳಲ್ವೇನ್ರೀ?”

“ಇದಕ್ಕೆ ಟಿಕೆಟ್ ಇಲ್ಲ,” ಎಂದ ಗಾರೆ ಮೇಸ್ತ್ರಿ ಕಲಾವನದ ಗೇಟು ಬಿಟ್ಟು, ಬೇಲಿ ಪಕ್ಕದ ಕಾಲುದಾರಿ ಹಿಡಿದ.

ಹೆಂಡತಿಗೆ ಅನುಮಾನ ಬಂತು. ನಾಳೆ ಬೆಳಿಗ್ಗೆ ಬಾಡಿಗೆ ಮನೆ ಖಾಲಿ ಮಾಡಬೇಕು. ಪಾತ್ರೆಪಗಡೆ ಆಗಲೇ ಮೂಟೆ ಸೇರಿವೆ. ‘ಮುಗಿಯೋವರೆಗೂ ನೋಡಬಾರದು’ ಎಂದು ಆರು ವರ್ಷ ಗುಟ್ಟಾಗಿಟ್ಟ ಸ್ವಂತ ಮನೆಯನ್ನು ಇವತ್ತು ತೋರಿಸುತ್ತೇನೆಂದು ಹೊರಡಿಸಿದವನು, ‘ಮೊದಲು ಒಂದು ಕಲೆ ನೋಡೋಣ’ ಎಂದು ಇಲ್ಲಿ ಬಸ್ಸಿಳಿಸಿದ್ದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಕಲೆ ಎಂಬ ಮಾತು ಬಂದದ್ದು ಅಂಗಿಗೆ ಬಣ್ಣ ಮೆತ್ತಿದಾಗ ಮಾತ್ರ.

ಗುಡ್ಡದ ಅಂಚಿಗೆ ಮೂರು ಗೋಡೆ. ನಾಲ್ಕನೆಯದರ ಜಾಗದಲ್ಲಿ ಕೆರೆ. ಮೇಲೆ ಸೂರಿನ ಬದಲು ಆಕಾಶ. ಹತ್ತು ಮೆಟ್ಟಿಲು ಹತ್ತಿದರೆ ಹನ್ನೊಂದನೆಯದು ಮೋಡ. ಕಲಾವನಕ್ಕೆ ಬಂದವರೆಲ್ಲ ಇಲ್ಲೇ ಜಮಾಯಿಸಿದ್ದರು.

“ಗೋಡೆ ಮುಗಿದಲ್ಲಿ ನೀರು ಮಾತಾಡುತ್ತೆ,” ಎಂದರು ಒಬ್ಬ ಪ್ರೊಫೆಸರು, ಕಣ್ಣು ಮುಚ್ಚಿ. “ಇದು ಬಯಲಿಗೆ ಆಹ್ವಾನ!”

“ಆಹ್ವಾಽಽನ!” ಹೆಂಡತಿಯೂ ಕಣ್ಣು ಮುಚ್ಚಿ, ಅದೇ ರಾಗದಲ್ಲಿ ಗಂಡನ ಕಿವಿಯಲ್ಲಿ ಅಣಕಿಸಿದಳು. “ಸೊಳ್ಳೆಗಳಿಗೆ! ಸೂರು ಯಾಕ್ರೀ ಹಾಕಿಲ್ಲ?”

“ಕಟ್ಟಿದವನು ಹಾಕೋಕೆ ಹೊರಟಿದ್ದನಂತೆ. ಆಕಾಶ ಮುಚ್ಚಬೇಡಪ್ಪಾ ಅಂತ ಜನಾನೇ ಕೈಮುಗಿದರಂತೆ. ಕೆರೆ ಕಡೆ ಗೋಡೆ ಎಬ್ಬಿಸೋಕೆ ಹೋದರೆ ಒಬ್ಬರು ಅತ್ತೇಬಿಟ್ಟರಂತೆ.”

“ಕೇಳಿದನಾ ಪೆದ್ದ?”

“ಗೋಡೆ ಕಟ್ಟಿದವನಿಗೆ ಯಾರಾದ್ರೂ ಚಪ್ಪಾಳೆ ಹೊಡೆದಿದ್ದು ನೋಡಿದೀಯಾ? ಅಷ್ಟು ಜನ ಹೊಗಳಿದರೆ ಯಾರು ಕೇಳಲ್ಲ, ಹೇಳು?” ಮೇಸ್ತ್ರಿ ಗೋಡೆಯ ಮೂಲೆಯನ್ನು ಕರುವಿನ ಬೆನ್ನಿನಂತೆ ಸವರಿದ.

“ಅವನ ಹೆಂಡತಿ ಯಾರೋ, ಪಾಪ!”

ಮೇಸ್ತ್ರಿಗೆ ಕೆಮ್ಮು ಬಂತು.

“ಕಲೆ ನೋಡಿದ್ದು ಸಾಕು, ನಡೀರಿ.” ಅವಳು ಚೀಲದಿಂದ ಹೂವಿನ ಪರದೆ ತೆಗೆದು ಕೊಡವಿದಳು. ಅವನು ಕೊಟ್ಟ ಅಳತೆಗೆ ತಾನೇ ಹೊಲಿದದ್ದು. “ನನ್ನ ಅಡುಗೆಮನೆ ಕಿಟಕಿಗೆ ಇದು ಸರಿಹೋಗುತ್ತೋ ಇಲ್ಲವೋ ನೋಡಬೇಕು.”

ಮೇಸ್ತ್ರಿ ಪರದೆ ತೆಗೆದುಕೊಂಡ. ಪಕ್ಕದ ಗೋಡೆಯಲ್ಲಿದ್ದ ಕಿಟಕಿಗೆ ಹಿಡಿದ. ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಡಿಮೆಯಿಲ್ಲ.

“ನೀನು ನಿಂತಿರೋದೇ ಅಡುಗೆಮನೆ ಕಣೇ.”