ತಾರಸಿಯ ವೈರು

"ವೈಫೈ ಇದೆ, ನೆಟ್ಟೇ ಇಲ್ಲ. ಎಂಥ ಕಂಪನಿಯಯ್ಯಾ ನಿಮ್ದು?" ನೆಟ್ ರಿಪೇರಿಗೆ ಹೋದ ನನ್ನ ಮೇಲೆ ಮನೆ ಯಜಮಾನರು ಬಾಗಿಲಲ್ಲೇ ಕೂಗಾಡಿದರು. "ನನ್ನ ಹೆಂಡ್ತಿ ಬಯಾಪ್ಸಿ ರಿಪೋರ್ಟ್ ಇವತ್ತು ಬರ್ಬೇಕು. ಮೊಬೈಲ್ ಸಿಗ್ನಲ್ಲೂ ಬಂದು ಸಾಯಲ್ಲ ಇಲ್ಲಿ."

ರೂಟರಿನಲ್ಲಿ ಕೆಂಪು ಲೈಟು ಉರಿಯುತ್ತಿತ್ತು. ಸಿಟ್ಟು ನುಂಗಿಕೊಂಡು, ವೈರಿನ ಜಾಡು ಹಿಡಿದು ತಾರಸಿಗೆ ಹತ್ತಿದೆ. ಅಲ್ಲಿ ಅವರ ಹೆಂಡತಿ ಮಗಳ ನಾಳಿನ ಸೀಮಂತಕ್ಕೆ ಚಪ್ಪರದ ತುಂಬ ಮಾವಿನೆಲೆ ಕಟ್ಟುತ್ತಿದ್ದರು. ಅವರ ಕಾಲ ಬಳಿಯೇ ವೈರು ತುಂಡಾಗಿ ಬಿದ್ದಿತ್ತು.

"ಇಲಿ ಕಡ್ದಿರ್ಬೇಕಪ್ಪಾ."

"ಇಲಿ ಇಷ್ಟು ನೀಟಾಗಿ ಕಡಿಯುತ್ತಾ ಅಮ್ಮಾ? ಬೈಸ್ಕೊಳ್ಳೋನು ಮಾತ್ರ ನಾನು!" ರೇಗಿಬಿಟ್ಟೆ.

ಅವರು ಕೈಲಿದ್ದ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ನಾಳಿದ್ದು ಜೋಡ್ಸಪ್ಪಾ. ರಿಪೋರ್ಟ್ ಬೆಳಿಗ್ಗೆನೇ ಬಂತು, ನಾನು ನೋಡ್ದೆ. ಸೀಮಂತ ಮುಗಿಯೋವರೆಗೂ ಅವರು ಹೀಗೇ ಕೂಗಾಡ್ಕೊಂಡಿರ್ಲಿ."