ಕೋಟೆಯ ಖಾಲಿ ಪೀಠ

ಸ್ಪೇನಿನಲ್ಲಿ ನರ್ಸಾಗಿದ್ದ ಅಕ್ಕ, ಊರಿಂದ ಬಂದಿದ್ದ ತಂಗಿಗೆ ಅಲ್ಲಿಯ ಹಳೆಯ ಕೋಟೆಯೊಂದನ್ನು ತೋರಿಸಲು ಹೊರಟಾಗ ಒಂದೇ ಮಾತು ಹೇಳಿದ್ದಳು: "ನನ್ನ ಜೋಡಿ ಕೆಲಸ ಮಾಡೋರೂ ಬರ್ತಾರ, ನೀಲೂ. ಅವರ ಮುಂದ ನನ್ನ ಮಾನ ಕಳೀಬ್ಯಾಡ."

ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ನೀಲಾ ಬಾಯಿ ಹೊಲಿದುಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು ನಡೆದಳು. ಹೊಸದಾಗಿ ದುರಸ್ತಿ ಮಾಡಿದ ಗೋಡೆಯಲ್ಲೊಂದು ಗೂಡು ಕಂಡಿತು. ಒಳಗೆ ನುಣುಪಾದ ಕಲ್ಲಿನ ಪೀಠ, ನಡುವೆ ದುಂಡನೆಯ ಕುಳಿ. ಅವಳ ಊರಿನ ಹಾಳುಗುಡಿಯಲ್ಲೂ ಹೀಗೇ, ಮೂರ್ತಿಯನ್ನು ಯಾರೋ ಕಿತ್ತೊಯ್ದು ಪೀಠವಷ್ಟೇ ಉಳಿದಿತ್ತು. ಇಲ್ಲಿಯ ದೇವರಿಗೂ ಅದೇ ಗತಿಯಾಯಿತಲ್ಲ ಎಂದು ಮರುಗಿ, ಚಪ್ಪಲಿ ಬಿಟ್ಟು ಪೀಠಕ್ಕೆ ಹಣೆ ಹಚ್ಚಿದಳು.

ತಲೆ ಎತ್ತಿ ನೋಡಿದರೆ ಅಕ್ಕನ ಗೆಳತಿಯರೂ ಬೂಟು ಬಿಚ್ಚಿ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಾಗಿ ಹಣೆ ಹಚ್ಚಿದರು. ಒಬ್ಬಳಂತೂ ಕಣ್ಣೊರೆಸಿಕೊಂಡಳು. ಹುಟ್ಟಿದ ಮೇಲೆ ಮೊದಲ ಸಲ ನಾಲ್ಕು ಮಂದಿ ತನ್ನನ್ನು ನೋಡಿ ಕಲಿತರಲ್ಲ ಎಂದು ನೀಲಾ ಉಬ್ಬಿಹೋದಳು.

ಅಷ್ಟರಲ್ಲಿ ಗೈಡ್ ಓಡಿ ಬಂದು ಅಕ್ಕನಿಗೆ ಏನೋ ಹೇಳಿದ. ಅಕ್ಕನ ಮುಖ ಬಿಳುಚಿತು.

"ಯಾವ ದೇವರಂತ, ಯಕ್ಕಾ?"

"ದೇವರಲ್ಲ ನಮ್ಮವ್ವಾ, ಹಿಂದಕ ಸಿಪಾಯಿಗೋಳು ಕೂಡ್ತಿದ್ದ ಪಾಯಿಖಾನಿ!"